ಮೇಲಿನ ಹಲಗೆಯ ಮೇಣದಬತ್ತಿ

ಮೇಸ್ತ್ರಿ ತೀರಿಹೋದ ಸುದ್ದಿ ನನಗೆ ಸಿಕ್ಕಿದ್ದು ಬಹರೇನಿನ ಗುದೈಬಿಯಾದಲ್ಲಿ, ಬ್ಯಾರಿ ಕಾಕನ ಹೋಟೆಲಿನಲ್ಲಿ, ಎದುರಿಗಿದ್ದ ಗೋಳಿಬಜೆ ಇನ್ನೂ ಬಿಸಿ ಇರುವಾಗ. ಹೇಳಿದವನು ನಮ್ಮ ಹಳೇ ಕಂಪೆನಿಯ ಡ್ರೈವರ್. "ಆಚಾರ್ರೇ, ನಿಮ್ಮ ಯುಗೊಸ್ಲಾವಿಯಾದ ಮೇಸ್ತ್ರಿ ಇದ್ದರಲ್ಲ, ಊರಲ್ಲಿ ತೀರಿಕೊಂಡರಂತೆ. ಹೋದ ಚಳಿಗಾಲದಲ್ಲೇ ಅಂತೆ. ಆಫೀಸಿನಲ್ಲಿ ಮಾತಾಡುವುದು ಕೇಳಿಸಿತು" ಅಂದವನೇ, ಗಾಡಿ ರಸ್ತೆಯ ಮಧ್ಯ ಉಂಟು ಎಂದು ಚಾ ಅರ್ಧಕ್ಕೆ ಬಿಟ್ಟು ಓಡಿದ. ಸಾವಿನ ಸುದ್ದಿಯನ್ನು ಹೀಗೆ ಬಿಸಾಡಿ ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾಕ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ನನ್ನ ಎದುರು ಕೂತರು. ಪ್ಲೇಟನ್ನು ಬದಿಗೆ ಸರಿಸಿದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ನಮ್ಮ ಊರಿನ ಕ್ರಮದಲ್ಲಿ ಮೇಸ್ತ್ರಿ ಅಂದೆವು. ಅವರ ಭಾಷೆಯಲ್ಲೂ ಕೈಕೆಲಸ ಬಲ್ಲವನಿಗೆ ಹೆಚ್ಚುಕಡಿಮೆ ಅದೇ ಶಬ್ದವಂತೆ. ಮೊದಲ ಸಲ ಕೇಳಿದಾಗ ತಿರುಗಿ ನೋಡಿ, ಬಾಯಿ ತುಂಬ ನಕ್ಕು, ನನ್ನ ಬೆನ್ನಿಗೆ ಒಂದು ಗುದ್ದಿದರು. ಆ ಗುದ್ದಿನ ನೋವು ಮರುದಿನವೂ ಇತ್ತು ಮಾರಾಯ್ರೆ. ಅಂಥಾ ಕೈ. ಅವರು ಕಾಂಕ್ರೀಟಿನ ಫೋರ್ಮನ್, ನಾನು ಕಾಂಕ್ರೀಟ್ ಸುರಿಯುವ ಮೊದಲು ಹಲಗೆಯ ಅಚ್ಚು ಕಟ್ಟುವ ಬಡಗಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಸೌದಿಗೆ ಹೋಗುವ ಸೇತುವೆ ಇನ್ನೂ ಆಗಿರಲಿಲ್ಲ. ಎಲ್ಲಿ ನೋಡಿದರೂ ಕಟ್ಟುವ ಕೆಲಸ, ಎಲ್ಲಿ ನೋಡಿದರೂ ಸಿಮೆಂಟಿನ ಧೂಳು.

ಅವರಿಗೆ ಒಂದು ಚಾಳಿ ಇತ್ತು. ಯಾವುದನ್ನೇ ಆಗಲಿ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಕಾಂಕ್ರೀಟ್ ಸರಿ, ಅದು ಅವರ ಕಸುಬು. ಒತ್ತಿದರೆ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯುತ್ತದೆ. ಆದರೆ ಇವರು ಬಚ್ಚಂಗಾಯಿ ಒತ್ತುವರು, ರೊಟ್ಟಿ ಒತ್ತುವರು, ಹೊಸ ಚಪ್ಪಲಿ ಒತ್ತುವರು. ಮೊದಲ ಸಲ ಕಾಕನ ಹೋಟೆಲಿಗೆ ಕರಕೊಂಡು ಬಂದಾಗ ನೀರುದೋಸೆಯನ್ನು ಒತ್ತಿ ನೋಡಿ, "ಇದು ಇನ್ನೂ ಸೆಟ್ ಆಗಲಿಲ್ಲ" ಅಂದರು. ಕಾಕನಿಗೆ ಪಿತ್ತ ನೆತ್ತಿಗೇರಿತು. "ಸೆಟ್ ಆದರೆ ಅದು ದೋಸೆಯಾ? ಅವನಿಗೆ ಹೇಳು ಆಚಾರಿ, ಗಟ್ಟಿ ಬೇಕಾದರೆ ಹೊರಗೆ ಫುಟ್‌ಪಾತ್ ಉಂಟು, ಅದನ್ನು ತಿನ್ನಲಿ." ನಾನು ಇದನ್ನು ಹರಕು ಹಿಂದಿ, ಮುರುಕು ಇಂಗ್ಲಿಷಿನಲ್ಲಿ ದಾಟಿಸಿದೆ. ಮೇಸ್ತ್ರಿ ಮೇಜು ಬಡಿದು ನಕ್ಕರು. ಅಲ್ಲಿಂದ ಮೇಲೆ ಶುಕ್ರವಾರ ತಪ್ಪಿದರೂ ಅವರು ಆ ಹೋಟೆಲ್ ತಪ್ಪಿಸಲಿಲ್ಲ. ಇಬ್ಬರಿಗೂ ಪರಸ್ಪರರ ಭಾಷೆ ಬಾರದು. ಆದರೂ ಗಂಟೆಗಟ್ಟಲೆ ಜಗಳ ಆಡುತ್ತಿದ್ದರು.

ಅವರ ಇನ್ನೊಂದು ಮಾತು, ಸೈಟಿನಲ್ಲಿ ದಿನಕ್ಕೆ ಹತ್ತು ಸರ್ತಿ ಕೇಳುವಂಥದ್ದು: "ಕಾಂಕ್ರೀಟ್ ಕಾಯುವುದಿಲ್ಲ." ಊಟಕ್ಕೆ ಹೋಗುವ ಅಂದರೆ ಕಾಂಕ್ರೀಟ್ ಕಾಯುವುದಿಲ್ಲ. ತಲೆನೋವು ಅಂದರೆ ಕಾಂಕ್ರೀಟ್ ಕಾಯುವುದಿಲ್ಲ. ಕೆಲಸ ಗೊತ್ತಿಲ್ಲದವರಿಗೆ ಹೇಳಬೇಕು: ಒಂದು ಗೋಡೆಯನ್ನು ಸುರಿಯಲಿಕ್ಕೆ ಶುರು ಮಾಡಿದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ನಡುವೆ ಬಿಟ್ಟು ಆಮೇಲೆ ಸುರಿದರೆ, ಮೊದಲು ಹಾಕಿದ್ದೂ ಆಮೇಲೆ ಹಾಕಿದ್ದೂ ಒಂದಾಗುವುದಿಲ್ಲ, ನಡುವೆ ಒಂದು ಗೆರೆ ಉಳಿಯುತ್ತದೆ. ನೀರಿನ ಟ್ಯಾಂಕಿಯಾದರೆ ಅದೇ ಗೆರೆಯಲ್ಲಿ ಸೋರುತ್ತದೆ. ಬಹರೇನಿನ ಸೆಕೆಯಲ್ಲಂತೂ ನೀರಿಗೆ ಐಸ್ ಹಾಕಿ ಕಲಸಿದರೂ ನೋಡನೋಡುತ್ತ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಅವರ ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಅವರ ಊರನ್ನು ನಾನು ನೋಡಿದವನಲ್ಲ. ಆದರೆ ಕಣ್ಣು ಕಟ್ಟಿ ಬಿಟ್ಟರೂ ಅಲ್ಲಿ ನಡೆದಾಡಿಯೇನು. ಸೈಟಿನಲ್ಲಿ ಚಾ ಕುಡಿಯುವಾಗಲೆಲ್ಲ ಒದ್ದೆ ಮರಳಿನ ರಾಶಿಯನ್ನು ಕರಣೆಯಿಂದ ಸಮ ಮಾಡಿ, ಅದರ ತುದಿಯಿಂದ ಒಂದು ದಪ್ಪ ಗೆರೆ ಎಳೆಯುವರು. "ಇದು ದುನಾವ್." ಪುಸ್ತಕದಲ್ಲಿ ಡ್ಯಾನ್ಯೂಬ್ ಎನ್ನುವ ನದಿಗೆ ಅವರಲ್ಲಿ ಹಾಗೆ ಹೇಳುವುದು. ಎರಡೂ ಕಡೆ ಮುಷ್ಟಿಯಿಂದ ಮರಳು ಎತ್ತರಿಸಿ ಗುಡ್ಡ. ಗುಡ್ಡಗಳ ನಡುವೆ ನದಿ ಇಕ್ಕಟ್ಟಾಗಿ ಒಂದು ತಿರುಗಾಸು ತಿರುಗುವಲ್ಲಿ ಹೆಬ್ಬೆರಳು ಒತ್ತಿ ಒಂದು ಗುಳಿ. ಅದು ಊರು. ಹೆಚ್ಚಿನವರು ಸೆರ್ಬರು; ಮೇಲಿನ ಕೇರಿಯಲ್ಲಿ ಕುರಿ ಸಾಕುವ ವ್ಲಾಹರ ಕೆಲವು ಮನೆ; ಹಾಸಿಗೆಗೆ ಹತ್ತಿ ತುಂಬುವ ಒಬ್ಬ ತುರ್ಕ. ಎದುರು ದಡ ಬೇರೆಯೇ ದೇಶ. ಅಲ್ಲಿನ ಕೋಳಿ ಕೂಗಿದರೆ ಇಲ್ಲಿ ಎಚ್ಚರ, ಆದರೆ ದಾಟಿದರೆ ಸಿಪಾಯಿ ಗುಂಡು ಹಾರಿಸುತ್ತಾನೆ. ನದಿಯ ಬದಿಗೇ ಚರ್ಚು. ಚರ್ಚಿನ ಬಾಗಿಲಿನಿಂದ ಹೊಳೆಯ ಕಡೆಗೆ ಒಂದು ಅಕ್ರೋಟು ಮರ, ಮರದ ಆಚೆ ಸಮಾಧಿಗಳು. ಚಳಿಗಾಲದಲ್ಲಿ ಕೊಶಾವಾ ಎನ್ನುವ ಗಾಳಿ ಆ ಇಕ್ಕಟ್ಟಿನಲ್ಲಿ ಬಂದರೆ ಇಲ್ಲಿನ ಶಮಾಲ್ ಗಾಳಿ ಅದರ ಎದುರು ಬರೇ ಬೀಸಣಿಗೆ ಅನ್ನುತ್ತಿದ್ದರು. ನಿಮ್ಮ ಊರಿನದ್ದೆಲ್ಲ ದೊಡ್ಡದೇ ಬಿಡಿ ಎಂದು ನಾನು ಕಿಚಾಯಿಸುತ್ತಿದ್ದೆ.

ಒಮ್ಮೆ ನಾನೂ ಕರಣೆ ಕಿತ್ತುಕೊಂಡು ಉದ್ಯಾವರ ಹೊಳೆಯ ನಮ್ಮ ಕುದ್ರು ಬರೆದೆ. ಹೊಳೆಯ ನಟ್ಟನಡುವೆ ತೆಂಗಿನ ಮರಗಳ ಒಂದು ತುಂಡು ನೆಲ, ದೋಣಿ ಬಿಟ್ಟರೆ ದಾರಿಯಿಲ್ಲ. "ನಾಲ್ಕು ಕಡೆಯೂ ನೀರಾ?" ಎಂದು ಕೇಳಿ ಮೇಸ್ತ್ರಿ ಆ ಕುದ್ರುವಿನ ಸುತ್ತ ಬೆರಳು ಎಳೆದರು. "ನೀರು ಏರುವುದಿಲ್ಲವಾ?"

"ಆಟಿ ತಿಂಗಳ ಮಳೆಗೆ ಏರ್ತದೆ. ಅಂಗಳಕ್ಕೆ ಬಂದು ವಾಪಸು ಹೋಗ್ತದೆ."

"ವಾಪಸು ಹೋಗ್ತದಲ್ಲ" ಅಂದರು. "ಒಳ್ಳೇ ನೀರು, ಬ್ರಾತೆ." ಬ್ರಾತೆ ಅಂದರೆ ಅವರಲ್ಲಿ ತಮ್ಮ, ಅಣ್ಣ.

ಊರಿನ ಚರಿತ್ರೆ ಹೇಳುವಾಗ ಅವರ ದನಿ ಬೇರೆಯಾಗುತ್ತಿತ್ತು, ಮಕ್ಕಳಿಗೆ ಕಥೆ ಹೇಳಿದ ಹಾಗೆ. "ರೋಮಿನವರು ಬಂದರು, ಬಂಡೆ ಕೊರೆದು ದಾರಿ ಮಾಡಿದರು, ಹೋದರು. ತುರ್ಕರು ಬಂದರು, ಕಾಫಿ ಕುಡಿಯುವುದು ಕಲಿಸಿದರು, ಹೋದರು. ಜರ್ಮನರು ಬಂದರು, ನಮ್ಮ ಹಂದಿಗಳನ್ನೆಲ್ಲ ತಿಂದರು, ಹೋದರು. ಕಡೆಗೆ ನಾವೇ ಅಣೆಕಟ್ಟು ಕಟ್ಟಿದೆವು. ನೀರು ಬಂತು. ಅದು ಹೋಗಲಿಲ್ಲ." ಇಷ್ಟು ಹೇಳಿ ಕರಣೆಯನ್ನು ಅಡ್ಡ ಮಾಡಿ ಒಂದು ಎಳೆತ. ಊರು, ಚರ್ಚು, ಅಕ್ರೋಟು ಮರ ಎಲ್ಲ ಸಪಾಟು. ಕೆಲಸಕ್ಕೆ ಏಳುವ ಹೊತ್ತು ಎಂದು ನಾವು ತಿಳಿಯುತ್ತಿದ್ದೆವು. ಸರಕಾರ ಜನರಿಗೆ ಗುಡ್ಡದ ಮೇಲೆ ಹೊಸ ಊರು ಕಟ್ಟಿಸಿ ಕೊಟ್ಟಿತ್ತು. ಆ ಊರನ್ನು ಮಾತ್ರ ಅವರು ಮರಳಿನಲ್ಲಿ ಒಮ್ಮೆಯೂ ಬರೆಯಲಿಲ್ಲ.

ಡಿಸೆಂಬರಿನಲ್ಲಿ ಅವರಿಗೆ ಒಂದು ಹಬ್ಬ. ಅವರಲ್ಲಿ ಪ್ರತಿ ಮನೆತನಕ್ಕೂ ಒಬ್ಬ ಸಂತನಂತೆ, ನಮ್ಮಲ್ಲಿ ಮನೆತನದ ಭೂತ ಇರುವ ಹಾಗೆ. ಅಪ್ಪನಿಂದ ಮಗನಿಗೆ ಬರುವುದು, ಬಿಡುವಂತಿಲ್ಲ. ಆ ದಿನ ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಬಂದವರಿಗೆಲ್ಲ ಒಂದೊಂದು ಚಮಚ ಕೊಡಬೇಕು. ಗೋಧಿಗೆ ಎಲ್ಲಿಗೆ ಹೋಗುವುದು ಎಂದು ನಾನು ತಲೆ ಕೆರೆದುಕೊಂಡರೆ ಕಾಕ, "ಎಂತ ಗೋಧಿಯಾ? ಅರಬಿಗಳು ರಂಜಾನಿಗೆ ಹರೀಸ್ ಮಾಡುವುದು ಯಾವುದರಲ್ಲಿ ಮತ್ತೆ?" ಎಂದು ಮನಾಮಾದ ಸೂಕ್ ಮಾರ್ಕೆಟಿನಿಂದ ತಂದು, ತಾವೇ ಬೇಯಿಸಿಯೂ ಕೊಟ್ಟರು. ನನ್ನ ಪಾಲಿಗೆ ಬಂದದ್ದು ಮೇಣದಬತ್ತಿಯ ಸ್ಟ್ಯಾಂಡು. ಅಚ್ಚಿಗೆ ಬಳಸಿ ಉಳಿದ ಪ್ಲೈವುಡ್ಡಿನಲ್ಲಿ ಎರಡು ಅಂತಸ್ತು ಮಾಡಿಸಿದರು. ಎರಡರಲ್ಲೂ ಮರಳು ತುಂಬಿದ ತಟ್ಟೆ. ಕ್ಯಾಂಪಿನ ಕೋಣೆಯಲ್ಲಿ ಅದನ್ನು ಇಟ್ಟು, ಕೆಳಗಿನ ಮರಳಿನಲ್ಲಿ ಅಪ್ಪ, ಅಮ್ಮ, ಅಜ್ಜ ಎಂದು ಒಂದೊಂದಾಗಿ ನೆಟ್ಟು ಹೆಬ್ಬೆರಳಿನಿಂದ ಬುಡ ಒತ್ತಿದರು. "ಇವರೆಲ್ಲ ಹೋದವರು. ಹೋದವರಿಗೆ ಕೆಳಗೆ, ಇರುವವರಿಗೆ ಮೇಲೆ." ಮೇಲಿನ ಹಲಗೆಯಲ್ಲಿ ಎರಡೇ ಬತ್ತಿ. "ಇದು ಹೆಂಡತಿ. ಇದು ಮಗಳು."

"ಮಗಳಿಗೆ ಎಷ್ಟು ಪ್ರಾಯ?" ಅಂದೆ.

"ಆರು."

ನನ್ನ ಮಗಳೂ ಆಗ ಹೆಚ್ಚುಕಡಿಮೆ ಅಷ್ಟೇ ಇದ್ದಳು. ಮರು ವರ್ಷ ಊರಿಗೆ ಹೋದಾಗ ಉಡುಪಿಯ ರಥಬೀದಿಯಲ್ಲಿ ಅವಳಿಗೆ ಕೆಂಪು ಗಾಜಿನ ಬಳೆ ತೆಗೆದೆ. ತೆಗೆಯುವಾಗ ನೆನಪಾಗಿ ಇನ್ನೊಂದು ಜೊತೆ ತೆಗೆದೆ, ಮೇಸ್ತ್ರಿಯ ಮಗಳಿಗೆ. ಈಗ ಅವಳಿಗೆ ಏಳಾಗಿರಬೇಕು ಎಂದು ಒಂದು ಅಳತೆ ದೊಡ್ಡದೇ ಕೊಡಿ ಅಂದೆ. ಬಹರೇನಿಗೆ ಬಂದು, ಹಬ್ಬದ ದಿನವೇ ಅವರ ಕೈಯಲ್ಲಿಟ್ಟೆ. ಅವರು ಕಾಗದ ಬಿಡಿಸಿದರು. ಆ ದೊಡ್ಡ ಕೈಯ ಎರಡು ಬೆರಳಿನಲ್ಲಿ ಒಂದು ಬಳೆ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು.

"ದೊಡ್ಡದಾಗ್ತದೆ" ಅಂದರು.

"ಏಳು ವರ್ಷಕ್ಕೆ ಸರಿಯಾಗ್ತದೆ ಮೇಸ್ತ್ರಿ."

"ಏಳು ಆಗುವುದಿಲ್ಲ, ಬ್ರಾತೆ. ಆರೇ."

ಅವತ್ತು ಅವರು ಎಲ್ಲ ಹೇಳಿದರು. ಮಗು ತೀರಿಹೋದದ್ದು ಅಣೆಕಟ್ಟು ಮುಗಿಯುವ ಮೊದಲು, ಒಂದು ಚಳಿಗಾಲ, ಜ್ವರದಲ್ಲಿ. ಅದೇ ಜ್ವರದಲ್ಲಿ ಹೆಂಡತಿಯೂ ಎದ್ದು ಕೂರಲಾರದೆ ಮಲಗಿದ್ದಳು. ಮೊಣಕಾಲು ಮುಳುಗುವ ಹಿಮ. ಮೇಸ್ತ್ರಿ ತಾವೇ ಗುಂಡಿ ತೋಡಿ, ತಾವೇ ಮಣ್ಣು ಮಾಡಿ, ಮರದ ಒಂದು ಶಿಲುಬೆ ನೆಟ್ಟು ಬಂದರು. ಹಿಮ ಕರಗಿದಾಗ ಬಂದ ನೆರೆಗೆ ಆ ಶಿಲುಬೆ ಹೋಯಿತು. ಕಲ್ಲು ಹಾಕಿಸುವ ಹಾಕಿಸುವ ಅನ್ನುವಷ್ಟರಲ್ಲಿ, ಸಮಾಧಿಗಳನ್ನು ಗುಡ್ಡಕ್ಕೆ ಸಾಗಿಸುತ್ತೇವೆ ಎಂದು ಸರಕಾರದ ಲಾರಿಗಳು ಬಂದವು. ಮಗು ಎಲ್ಲಿದೆ ಎಂದು ಗೊತ್ತಿದ್ದದ್ದು ಅವರೊಬ್ಬರಿಗೇ. ಅವರು ಆಗ ಅದೇ ಅಣೆಕಟ್ಟಿನಲ್ಲಿ ಕೆಲಸಕ್ಕಿದ್ದರು. ಲಾರಿ ಬಂದ ದಿನ ಅಲ್ಲಿ ದೊಡ್ಡ ಸುರಿಯುವ ಕೆಲಸ. ಬಾ ಎಂದು ಹೆಂಡತಿ ಆಳು ಕಳಿಸಿದಳು. ಕಾಂಕ್ರೀಟ್ ಕಾಯುವುದಿಲ್ಲ, ನಾಳೆ ಬೆಳಿಗ್ಗೆಯೇ ಬರುತ್ತೇನೆ ಎಂದು ಇವರು ಹೇಳಿ ಕಳಿಸಿದರು. ಹೆಂಡತಿ ಅಂದಾಜಿನ ಮೇಲೆ ಇಲ್ಲಿ ಅಗೆಯಿರಿ, ಅಲ್ಲಿ ಅಗೆಯಿರಿ ಎಂದು ತೋರಿಸಿದಳಂತೆ. ಸಿಕ್ಕಿದ್ದು ಬೇರೆಯವರ ಮಗು. ಮರುದಿನ ಮೇಸ್ತ್ರಿ ಹೋಗುವಾಗ ಲಾರಿಗಳು ಹೋಗಿಯಾಗಿತ್ತು, ನೀರು ಅಕ್ರೋಟು ಮರದ ಬುಡಕ್ಕೆ ಬಂದಿತ್ತು.

"ಆಮೇಲೆ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಊಟ ಬಡಿಸುತ್ತಾಳೆ, ಅಂಗಿ ಒಗೆದು ಕೊಡುತ್ತಾಳೆ. ಮಾತಿಲ್ಲ. ಅದಕ್ಕೇ ನಾನು ಇಲ್ಲಿಗೆ ಬಂದದ್ದು."

"ಹಾಗಾದರೆ ಮಗಳ ಬತ್ತಿ ಮೇಲೆ ಯಾಕೆ?" ನನಗೆ ಕೇಳದೆ ಇರಲಿಕ್ಕೆ ಆಗಲಿಲ್ಲ.

"ಅವಳನ್ನು ನೀರಿನಿಂದ ತೆಗೆದು ನಮ್ಮವರ ಜೊತೆ ಮಲಗಿಸುವ ತನಕ ಕೆಳಗೆ ಹೇಗೆ ಇಡುವುದು?"

ನಮ್ಮಲ್ಲಿ ಸತ್ತವರಿಗೆ ಎಲೆ ಹಾಕಿ ಅಗೆಲು ಬಡಿಸುವಾಗ, ಉತ್ತರಕ್ರಿಯೆ ಮಾಡಿ ಹದಿನಾರರಲ್ಲಿ ಸೇರಿಸದ ಜೀವಕ್ಕೆ ಹಿರಿಯರ ಸಾಲಿನಲ್ಲಿ ಎಲೆ ಇಲ್ಲ. ಅದು ಬಾಗಿಲ ಹೊರಗೇ ನಿಂತಿರುತ್ತದೆ ಎಂದು ನನ್ನ ಅಮ್ಮ ಹೇಳುತ್ತಿದ್ದರು. ನನಗೆ ಮೇಸ್ತ್ರಿಯ ಮಾತು ಕೂಡಲೇ ಅರ್ಥವಾಯಿತು. ಅರ್ಥವಾದದ್ದೇ ಕಷ್ಟವಾಯಿತು. ಬಳೆ ವಾಪಸು ಕೊಡಿ ಅನ್ನಲೋ ಬೇಡವೋ ತಿಳಿಯದೆ ಕೂತೆ. ಅವರು ಅದನ್ನು ಮತ್ತೆ ಕಾಗದದಲ್ಲಿ ಸುತ್ತಿ, ಅಂಗಿಯ ಕಿಸೆಯಲ್ಲಿಟ್ಟು, ಗುಂಡಿ ಹಾಕಿದರು.

ಅಲ್ಲಿಂದ ಮೇಲೆ ನನಗೂ ಕಾಕನಿಗೂ ಒಂದೇ ಧ್ಯಾನ. ಆ ನೀರು ಯಾವಾಗಲಾದರೂ ಇಳಿಯುತ್ತದೋ ಇಲ್ಲವೋ. ಅಣೆಕಟ್ಟಿನ ಬಾಗಿಲುಗಳನ್ನು ರಿಪೇರಿ ಮಾಡುವಾಗ ನೀರು ತಗ್ಗಿಸುವುದುಂಟು, ಹಾಗೆ ತಗ್ಗಿಸಿದರೆ ಚರ್ಚಿನ ಅಡಿಪಾಯ ಕಾಣಬಹುದು ಎಂದು ಮೇಸ್ತ್ರಿ ಹೇಳಿದ್ದರು. ಅವರ ಭಾವಮೈದುನ ಅಲ್ಲೇ ಕೆಲಸಕ್ಕಿದ್ದ. ಸುದ್ದಿ ಇದ್ದರೆ ಟೆಲೆಕ್ಸ್ ಮಾಡುತ್ತೇನೆ ಎಂದಿದ್ದ. ಕಾಕ ಪ್ರತಿ ಶುಕ್ರವಾರ ದೋಸೆ ಇಡುವ ಮೊದಲು ಹುಬ್ಬು ಹಾರಿಸಿ ಕೇಳುವರು: "ಮೋಯೀ, ಮಾಫಿ?" ನೀರಿನ ಸುದ್ದಿ ಇಲ್ಲವಾ ಎಂದು. ಮೇಸ್ತ್ರಿ ತಲೆ ಅಲ್ಲಾಡಿಸುವರು. ಹಾಗೆಯೇ ವರ್ಷಗಳು ಹೋದವು. ನನ್ನ ಮಗಳು ಹೈಸ್ಕೂಲಿಗೆ ಬಂದಳು. ಮೇಲಿನ ಹಲಗೆಯಲ್ಲಿ ಅದೇ ಎರಡು ಬತ್ತಿ, ಅದೇ ಆರು ವರ್ಷ.

ಟೆಲೆಕ್ಸ್ ಬಂದದ್ದು ಎಂಥ ದಿನ ಅಂತೀರಿ! ಕುಡಿಯುವ ನೀರಿನ ದೊಡ್ಡ ಟ್ಯಾಂಕಿಯ ಗೋಡೆ ಸುರಿಯುವ ದಿನ. ಬೆಳಕು ಹರಿಯುವಾಗ ಶುರು ಮಾಡಿದ್ದೆವು. ಗೋಡೆ ಇನ್ನೂ ಸೊಂಟದ ಎತ್ತರ. ಆಫೀಸಿನವನು ಕಾಗದ ಹಿಡಿದುಕೊಂಡು ಏಣಿ ಹತ್ತಿ ಬಂದ. ಮೇಸ್ತ್ರಿ ಓದಿದರು. ನೀರು ಇಳಿದಿದೆ, ಆದರೆ ಈ ವಾರ ಮಾತ್ರ. ಮಧ್ಯಾಹ್ನದ ವಿಮಾನ ಹಿಡಿದರೆ ಉಂಟು, ಇಲ್ಲದಿದ್ದರೆ ಮುಂದಿನದ್ದಕ್ಕೆ ಕಾಯಬೇಕು, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸೈಟ್ ಇಂಜಿನಿಯರ್ ಕೂಡಾ ಅವರ ದೇಶದವನೇ, ಕೆಟ್ಟವನಲ್ಲ. ಆದರೂ ಕೈ ಮುಗಿಯುವ ಹಾಗೆ ನಿಂತು ಹೇಳಿದ: "ಈ ಗೋಡೆ ಮುಗಿಸಿ ಹೋಗಿ. ನೀವಿಲ್ಲದೆ ಆಗುವುದಿಲ್ಲ. ನಿಮಗೆ ನಾನು ಹೇಳಬೇಕಾ, ಕಾಂಕ್ರೀಟ್..."

ಅಷ್ಟಕ್ಕೇ ಅವನು ನಾಲಿಗೆ ಕಚ್ಚಿಕೊಂಡ. ಮೇಸ್ತ್ರಿ ಬಗ್ಗಿ ಹಸಿ ಕಾಂಕ್ರೀಟಿಗೆ ಹೆಬ್ಬೆರಳು ಒತ್ತಿದರು. ಒತ್ತಿ ಹಾಗೆಯೇ ನಿಂತರು. ಹೋಗಿ ಮಾರಾಯ್ರೆ, ಈ ಟ್ಯಾಂಕಿ ಹಾಳಾಗಿ ಹೋಗಲಿ ಎಂದು ಕಿರುಚಬೇಕು ಅನ್ನಿಸಿತು ನನಗೆ. ನಿಜ ಹೇಳಬೇಕೆಂದರೆ ಕಿರುಚಿಯೇಬಿಟ್ಟೆ, ತುಳುವಿನಲ್ಲಿ. ಅವರಿಗೆ ಒಂದಕ್ಷರ ಅರ್ಥವಾಗಿರಲಾರದು. ಬೆರಳು ತೆಗೆದು ಪ್ಯಾಂಟಿಗೆ ಒರೆಸಿ, ತಮ್ಮ ಕರಣೆಯನ್ನು ನನ್ನ ಕೈಗೆ ಕೊಟ್ಟರು.

"ಈ ಸಲ ಅದು ಕಾಯಲಿ" ಅಂದರು.

ಏಣಿ ಇಳಿದು, ಸಿಮೆಂಟಿನ ಬೂಟಿನಲ್ಲೇ ಗೇಟಿನ ಕಡೆ ನಡೆದರು. ನಾವು ಆ ಗೋಡೆ ಸುರಿಯುವುದನ್ನು ನಿಲ್ಲಿಸಲಿಲ್ಲ. ತಮಿಳರು, ಪಠಾಣರು, ನಾವು, ಎಲ್ಲರೂ ನೀರು ಕುಡಿಯಲಿಕ್ಕೂ ಇಳಿಯದೆ ಸುರಿದೆವು. ಅವರು ಬಿಟ್ಟು ಹೋದ ಜಾಗದಲ್ಲಿ ಗೆರೆ ಬೀಳಬಾರದು ಎಂದು ನನಗೆ ಹಠ. ಅಚ್ಚು ಬಿಚ್ಚಿದಾಗ ಹುಡುಕಿ ಹುಡುಕಿ ನೋಡಿದೆ. ಗೆರೆ ಇರಲಿಲ್ಲ.

ಅವರು ತಿರುಗಿ ಬಂದದ್ದು ಹಬ್ಬಕ್ಕೆ ಸ್ವಲ್ಪ ಮೊದಲು. ಹೋದದ್ದು ಮೇಸ್ತ್ರಿ, ಬಂದದ್ದು ಒಬ್ಬ ಮುದುಕ. ಕಾಕ ದೋಸೆ ತಂದಿಟ್ಟರೆ ಒತ್ತಿ ನೋಡಲಿಲ್ಲ. ಕಾಕನ ಕಣ್ಣಲ್ಲಿ ನೀರು ಬಂತು.

ನೀರು ಇಳಿದದ್ದು ಹೌದಂತೆ. ಚರ್ಚಿನ ಬಾಗಿಲ ಮೆಟ್ಟಲು ಕಂಡಿತಂತೆ, ಅಕ್ರೋಟು ಮರದ ಕರ್ರಗಿನ ಬೊಡ್ಡೆಯೂ ಕಂಡಿತಂತೆ. ಅಲ್ಲಿಂದ ಜಾಗ ಲೆಕ್ಕ ಹಾಕುವುದು ಅವರಿಗೆ ಕಷ್ಟವಲ್ಲ. ಆದರೆ ಇಷ್ಟು ವರ್ಷ ನಿಂತ ನೀರು ಅದರ ಮೇಲೆ ಕೆಸರು ತಂದು ಹಾಕಿತ್ತು, ಆಳು ಮುಳುಗುವಷ್ಟು. ಅಗೆದರೆ ಅಗೆದ ಹಾಗೆಯೇ ಕೂಡಿಕೊಳ್ಳುವ ಕೆಸರು. ಮೊದಲ ದಿನ ಭಾವಮೈದುನನೂ ಇವರೂ ಹಾರೆ, ಸಲಾಕೆ ಹಿಡಿದು ಅಗೆದರು. ಎರಡನೇ ದಿನ ಭಾವಮೈದುನ ಸೋತು ದಡಕ್ಕೆ ಹೋದ. ಇವರು ಕೈಯಲ್ಲೇ ತೋಡಿದರು. ಉಗುರೆಲ್ಲ ಕಿತ್ತುಹೋಗಿತ್ತು. ನಾನು ಬೆರಳು ನೋಡಿದ್ದೇನೆ.

ನೀರು ಮತ್ತೆ ಬಿಡುವ ದಿನ ಗುಡ್ಡದಿಂದ ಹೆಂಡತಿ ಇಳಿದು ಬಂದಳಂತೆ. ಮೊಣಕಾಲ ತನಕ ಕೆಸರಿನಲ್ಲಿ ನಡೆದು, ಇವರ ಪಕ್ಕ ಕೂತು, ಇವರ ಎರಡೂ ಕೈ ಹಿಡಿದುಕೊಂಡಳು.

"'ಸಾಕು' ಅಂದಳು. 'ಮಲಗಿದ್ದಾಳೆ. ಎಬ್ಬಿಸಬೇಡ' ಅಂದಳು." ಇಷ್ಟು ಹೇಳಿ ಮೇಸ್ತ್ರಿ ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ಅಷ್ಟು ವರ್ಷಗಳ ನಂತರ ಅವಳು ಆಡಿದ ಮೊದಲ ಮಾತು ಅದು. ಹೋಟೆಲಿನಲ್ಲಿ ಜನ ಇದ್ದರು. ಕಾಕ ಎದ್ದು ಶಟರ್ ಅರ್ಧ ಎಳೆದರು.

"ನಿನ್ನ ಬಳೆ ಅಲ್ಲಿ ಉಂಟು" ಅಂದರು ಆಮೇಲೆ. "ತೋಡಿದ ಗುಂಡಿಯಲ್ಲಿ ಹಾಕಿದೆ. ನೀರು ಬರುವ ತನಕ ನಾವಿಬ್ಬರೂ ದಡದಲ್ಲಿ ಕೂತೆವು. ಅವಳು ಮಾತಾಡುತ್ತಲೇ ಇದ್ದಳು. ಮಗುವಿನ ಮಾತೇ. ನಾನು ಮರೆತದ್ದೆಲ್ಲ ಅವಳಿಗೆ ನೆನಪಿತ್ತು."

ಆ ವರ್ಷದ ಹಬ್ಬಕ್ಕೆ ಗೋಧಿ ಬೇಯಿಸಿದ್ದೂ ಕಾಕನೇ. ಮೇಸ್ತ್ರಿ ಕೆಳಗಿನ ಹಲಗೆಯಲ್ಲಿ ಅಪ್ಪ, ಅಮ್ಮ, ಅಜ್ಜ ಎಂದು ನೆಟ್ಟರು. ಮೇಲೆ ಹೆಂಡತಿಯದ್ದು ನೆಟ್ಟರು. ಇನ್ನೊಂದು ಬತ್ತಿ ಕೈಯಲ್ಲಿ ಉಳಿಯಿತು. ಅದನ್ನು ಮೇಲಿನ ಮರಳಿನ ತನಕ ಕೊಂಡುಹೋದರು, ಅಭ್ಯಾಸ ನೋಡಿ. ಅಲ್ಲೇ ಕೈ ನಿಂತಿತು. ಮತ್ತೆ ಮೊಣಕಾಲೂರಿ ಕೂತು, ಕೆಳಗೆ, ಮಗುವಿಗೆ ಅಜ್ಜಿ ಆಗಬೇಕಾದ ತಮ್ಮ ಅಮ್ಮನ ಬತ್ತಿಯ ಹತ್ತಿರ ನೆಟ್ಟರು. ಹೆಬ್ಬೆರಳಿನಿಂದ ಬುಡದ ಮರಳು ಒತ್ತುವಾಗ ಅವರು ಅತ್ತ ಹಾಗೆ ಗಂಡಸೊಬ್ಬ ಅತ್ತದ್ದನ್ನು ನಾನು ನೋಡಿಲ್ಲ. ನಾನೂ ಅತ್ತೆ. ನಾಚಿಕೆ ಎಂತದ್ದು?

ಅದಾಗಿ ಸ್ವಲ್ಪ ಸಮಯಕ್ಕೇ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಮಾತಾಡಲಿಕ್ಕೆ ಜನ ಸಿಕ್ಕಿದ ಮೇಲೆ ಇಲ್ಲಿ ಯಾಕೆ ಕೂರಲಿ, ಬ್ರಾತೆ, ಅಂದರು. ಸ್ಟ್ಯಾಂಡನ್ನು ನನಗೇ ಕೊಟ್ಟರು. ಕೋಣೆಯಲ್ಲಿ ಅದರ ಮೇಲೆ ನಾನು ಬಟ್ಟೆ ಒಣಗಿಸುತ್ತಿದ್ದೆ, ರೇಡಿಯೋ ಇಡುತ್ತಿದ್ದೆ.

ಸುದ್ದಿ ಕೇಳಿದ ಆ ಸಂಜೆ ಅದನ್ನು ಒರೆಸಿ ಹೊತ್ತುಕೊಂಡು ಹೋಟೆಲಿಗೆ ಬಂದೆ. ಕಾಕ ಸೂಕಿಗೆ ಹೋಗಿ ಬಂದಿದ್ದರು, ಒಳಗೆ ಗೋಧಿ ಬೇಯುವ ವಾಸನೆ ಬರುತ್ತಿತ್ತು. "ನಮ್ಮಲ್ಲಿ ಈ ಬತ್ತಿಗಿತ್ತಿ ಎಲ್ಲ ಇಲ್ಲ" ಎಂದು ಗೊಣಗುತ್ತಲೇ, ಹೋಟೆಲಿನ ಹಿಂದಿನ ಸೈಟಿನಿಂದ ಒಂದು ಡಬ್ಬಿ ಮರಳು ಸೋಸಿ ತಂದು ಎರಡೂ ತಟ್ಟೆಗೆ ತುಂಬಿಸಿಕೊಟ್ಟರು. ಮೇಲಿನದ್ದರಲ್ಲಿ ನಾನು ಅವರ ಹೆಂಡತಿಯ ಬತ್ತಿ ನೆಟ್ಟೆ. ಕೆಳಗಿನದ್ದರಲ್ಲಿ ಮಗುವಿನದ್ದು. ಮೇಸ್ತ್ರಿಯದ್ದನ್ನು ಹಿಡಿದುಕೊಂಡು ಕೂತೇ ಇದ್ದೆ. ಕೆಳಗೆ ನೆಡಲಿಕ್ಕೆ ಕೈ ಬಗ್ಗಲಿಲ್ಲ.

"ಇಡು ಆಚಾರಿ" ಅಂದರು ಕಾಕ, ಮೆಲ್ಲಗೆ. "ಮಗು ಒಂದೇ ಉಂಟು ಅಲ್ಲಿ."